ಎಂಜಿನ್‌ನ ಟಿಕ್ ಟಿಕ್: ಟ್ಯಾಪೆಟ್ ಕವರ್ ಬಿಚ್ಚುವ ಮೊದಲು

ಬದಿಯಡ್ಕ, ಪೆರ್ಲ, ಮುಳ್ಳೇರಿಯ, ಯಾವ ಗ್ಯಾರೇಜಿಗೆ ಹೋದರೂ ಬಾನೆಟ್ ಎತ್ತಿ ನಿಂತವರ ದೂರು ಒಂದೇ: "ಟ್ಯಾಪೆಟ್ ಸೌಂಡ್ ಬರ್ತಾ ಉಂಟು, ಸ್ವಲ್ಪ ಟೈಟ್ ಮಾಡಿ ಕೊಡಿ." ಎಂಜಿನ್ ಒಳಗೆ ಗಾಳಿ, ಹೊಗೆ ಓಡಾಡುವ ಬಾಗಿಲು ವಾಲ್ವ್; ಅದನ್ನು ಒತ್ತಿ ತೆರೆಯುವ ಭಾಗವೇ ಟ್ಯಾಪೆಟ್. ಎರಡರ ನಡುವೆ ಕೂದಲೆಳೆಯಷ್ಟು ಗ್ಯಾಪ್ ಇರುತ್ತದೆ. ರೋಗವನ್ನೂ ಮದ್ದನ್ನೂ ಗಾಡಿಯವರೇ ಹೇಳಿ ಆಯಿತು. ಇನ್ನು ಮೆಕ್ಯಾನಿಕ್ ಏನು ಮಾಡಿಯಾನು? ಕವರ್ ಬಿಚ್ಚುತ್ತಾನೆ, ಸ್ಕ್ರೂ ಬಿಗಿಯುತ್ತಾನೆ, ಸದ್ದು ಸ್ವಲ್ಪ ಇಳಿಯುತ್ತದೆ. ಇಬ್ಬರಿಗೂ ಸಮಾಧಾನ. ಸದ್ದು ನಿಜಕ್ಕೂ ಟ್ಯಾಪೆಟಿನದ್ದೇ ಆಗಿತ್ತಾ ಎಂದು ಯಾರೂ ಕೇಳುವುದಿಲ್ಲ. ಬೇಕಾದ್ದಕ್ಕಿಂತ ಜಾಸ್ತಿ ಬಿಗಿದ ವಾಲ್ವ್ ಮುಂದೆ ಏನು ಮಾಡುತ್ತದೆ ಎಂದೂ ಕೇಳುವುದಿಲ್ಲ.

ಎಂಜಿನ್‌ನಲ್ಲಿ ಟಿಕ್ ಟಿಕ್ ಮಾಡುವ ಜಾಗ ಬೇಕಾದಷ್ಟಿವೆ. ಪೆಟ್ರೋಲ್, ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್, ಹೊಗೆಯನ್ನು ಸೈಲೆನ್ಸರಿಗೆ ಒಯ್ಯುವ ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಪ್ಯಾಕಿಂಗ್, ಸಡಿಲಾದ ಪ್ಲಗ್, ವಾಲ್ವುಗಳನ್ನು ನಡೆಸುವ ಟೈಮಿಂಗ್ ಚೈನ್, ಕೆಲವೊಮ್ಮೆ ಬರೀ ಒಂದು ತಗಡಿನ ಶೀಲ್ಡ್. ಆದ್ದರಿಂದ ಒಂದು ಕ್ರಮದಲ್ಲಿ ಹೋಗುವ. ಖರ್ಚಿಲ್ಲದ್ದು ಮೊದಲು, ಬಿಚ್ಚುವ ಕೆಲಸ ಕೊನೆಗೆ.

1. ಸದ್ದು ಎಂಜಿನ್‌ನದ್ದೇ ಹೌದಾ?

ನಗಬೇಡಿ, ಇದನ್ನು ಮೊದಲು ನೋಡಲೇಬೇಕು. ತಲಪಾಡಿಯಿಂದ ಈಚೆಗೆ ಹೈವೇ ಅಗಲ ಮಾಡುವ ಕೆಲಸ ಶುರುವಾದ ಮೇಲೆ ಸರ್ವಿಸ್ ರೋಡಿನಲ್ಲಿ ಸಣ್ಣ ಜಲ್ಲಿ ಟಯರಿನ ಗೀರಿಗೆ ಸಿಕ್ಕಿಕೊಳ್ಳುವುದು ಮಾಮೂಲಿಯಾಗಿತ್ತು. ಗಾಡಿ ಓಡುವಾಗ ಟಿಕ್ ಟಿಕ್, ವೇಗ ಹೆಚ್ಚಿದರೆ ಸದ್ದಿನ ವೇಗವೂ ಹೆಚ್ಚು. ಅದೇ ಟ್ಯಾಪೆಟ್ ಎಂದುಕೊಂಡು ಗ್ಯಾರೇಜಿಗೆ ಬಂದವರಿದ್ದಾರೆ.

ಗಾಡಿ ನಿಲ್ಲಿಸಿ, ನ್ಯೂಟ್ರಲ್‌ನಲ್ಲಿಟ್ಟು, ಹ್ಯಾಂಡ್‌ಬ್ರೇಕ್ ಎಳೆದು ಆಕ್ಸಿಲರೇಟರ್ ಒತ್ತಿ. ನಿಂತಲ್ಲೇ ಸದ್ದು ಬಂದರೆ ಅದು ಎಂಜಿನ್ ಕಡೆಯದು. ಓಡುವಾಗ ಮಾತ್ರ ಬಂದರೆ ಟಯರ್ ನೋಡಿ. ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಮಾತ್ರ ಕಟ ಕಟ ಎಂದರೆ ಆಕ್ಸೆಲ್‌ನ ಜಾಯಿಂಟ್. ಏರು ಹತ್ತುವಾಗ, ಮೇಲಿನ ಗೇರಿನಲ್ಲಿ ಎಂಜಿನ್ ಏದುಸಿರು ಬಿಡುವಾಗ ಮಾತ್ರ ಕಿಣಿ ಕಿಣಿ ಎಂದರೆ ಅದು ಪೆಟ್ರೋಲ್ ಹೊತ್ತಿಗೆ ಮೊದಲೇ ತಾನಾಗಿ ಉರಿಯುವ ಸದ್ದು. ಗೇರ್ ಇಳಿಸಿದ ಕೂಡಲೇ ಅದು ನಿಲ್ಲುತ್ತದೆ. ಅದಕ್ಕೂ ವಾಲ್ವಿಗೂ ಸಂಬಂಧ ಇಲ್ಲ.

2. ಆಯಿಲ್

ನಮ್ಮ ಕಡೆ ಗಾಡಿ ನಿಲ್ಲಿಸುವ ಜಾಗ ಸಮತಟ್ಟಾಗಿರುವುದು ಅಪರೂಪ. ಗೇಟಿನಿಂದ ಮನೆಗೆ ಏರು, ಮನೆಯಿಂದ ತೋಟಕ್ಕೆ ಇಳಿಜಾರು. ಅಂಥ ಕಡೆ ಡಿಪ್‌ಸ್ಟಿಕ್ ಎಳೆದು ನೋಡಿದರೆ ಲೆಕ್ಕ ತಪ್ಪುತ್ತದೆ. ಅಡಿಕೆ ಒಣಗಿಸುವ ಅಂಗಳದಷ್ಟು ಸಮತಟ್ಟಾದ ಜಾಗ ಬೇರೆಲ್ಲೂ ಸಿಗುವುದಿಲ್ಲ. ಅಲ್ಲಿ ನಿಲ್ಲಿಸಿ, ಎಂಜಿನ್ ಬಂದ್ ಮಾಡಿ ಹತ್ತು ನಿಮಿಷ ಬಿಟ್ಟು ನೋಡಿ. (ಅಡಿಕೆ ಹರಡಿದ ದಿನ ಬೇಡ. ಒಂದು ಹನಿ ಆಯಿಲ್ ಬಿದ್ದರೂ ಮನೆಯವರ ಬಾಯಿಗೆ ಸಿಕ್ಕಿಬೀಳುತ್ತೀರಿ.)

ಕೆಳಗಿನ ಗೆರೆಗಿಂತ ಕಮ್ಮಿ ಇದ್ದರೆ ಪಂಪ್ ಆಯಿಲ್ ಜೊತೆ ಗಾಳಿಯನ್ನೂ ಎಳೆಯುತ್ತದೆ. ಮೇಲಿನ ಗೆರೆ ಮೀರಿ ಹಾಕಿದ್ದರೂ ತೊಂದರೆಯೇ. ಪಿಸ್ಟನ್‌ಗಳು ತಿರುಗಿಸುವ ದಂಡ, ಅಂದರೆ ಕ್ರ್ಯಾಂಕ್, ಆಯಿಲನ್ನು ಕಡೆದು ನೊರೆ ಎಬ್ಬಿಸುತ್ತದೆ. ನೊರೆ ತುಂಬಿದ ಆಯಿಲ್‌ನಿಂದ ಹೈಡ್ರಾಲಿಕ್ ಟ್ಯಾಪೆಟ್ (ಆಯಿಲ್ ಪ್ರೆಶರಿನಿಂದ ಗ್ಯಾಪನ್ನು ತಾನೇ ಸರಿಮಾಡಿಕೊಳ್ಳುವಂಥದ್ದು) ಗಟ್ಟಿಯಾಗಿ ನಿಲ್ಲುವುದಿಲ್ಲ, ಟಿಕ್ ಟಿಕ್ ಶುರು. ಸಾಮಾನ್ಯ ಕಾರುಗಳಲ್ಲಿ ಎರಡು ಗೆರೆಗಳ ನಡುವೆ ಸುಮಾರು ಒಂದು ಲೀಟರ್ ಹಿಡಿಯುತ್ತದೆ. ಸ್ವಲ್ಪ ಸ್ವಲ್ಪವೇ ಹಾಕಿ, ನೋಡಿ, ಮತ್ತೆ ಹಾಕಿ.

ಮಟ್ಟ ಸರಿ ಇದ್ದರೆ ಆಯಿಲ್ ಹಾಕುವ ಮುಚ್ಚಳ ತಿರುಗಿಸಿ ಒಳಗೆ ಟಾರ್ಚ್ ಬಿಡಿ. ಕಂದು ಬಣ್ಣದ ತೆಳು ಲೇಪ ಇದ್ದರೆ ಹೆದರಬೇಕಿಲ್ಲ. ಕಪ್ಪು ಬೆಲ್ಲದ ಪಾಕದಂಥ ಕೆಸರು ಹಿಡಿದಿದ್ದರೆ ಅದೇ ದೊಡ್ಡ ಸುಳಿವು. ಮನೆಯಿಂದ ಹಾಲಿನ ಸೊಸೈಟಿ, ಅಲ್ಲಿಂದ ವಾಪಸ್ ಮನೆ, ಇಷ್ಟೇ ಓಡುವ ಗಾಡಿಗಳಲ್ಲಿ ಇದು ಜಾಸ್ತಿ. ಎಂಜಿನ್ ಪೂರ್ತಿ ಬಿಸಿಯಾಗುವ ಮೊದಲೇ ಬಂದ್ ಆಗುತ್ತದೆ, ಒಳಗಿನ ನೀರಿನ ಪಸೆ ಆವಿಯಾಗುವುದಿಲ್ಲ, ಆಯಿಲ್ ಕೆಡುತ್ತದೆ. ಮಳೆಗಾಲದಲ್ಲಿ ಮುಚ್ಚಳದ ಒಳಗೆ ಬಿಳಿ ಬೆಣ್ಣೆಯ ಹಾಗೆ ಕಾಣುವುದೂ ಹೆಚ್ಚಾಗಿ ಇದೇ. ಆದರೆ ಡಿಪ್‌ಸ್ಟಿಕ್‌ನಲ್ಲೂ ಹಾಲಿನಂಥ ಬಣ್ಣ ಇದ್ದರೆ ರೇಡಿಯೇಟರ್ ನೀರು ಆಯಿಲ್‌ಗೆ ಸೇರುತ್ತಿರಬಹುದು. ಆಗ ಸದ್ದಿನ ವಿಷಯ ಬಿಟ್ಟು ಅದನ್ನು ಮೊದಲು ನೋಡಿಸಿ.

ಕೆಸರಿದ್ದ ಎಂಜಿನ್‌ಗೆ ಖಾರವಾದ ಫ್ಲಶ್ ಹಾಕಿ ಒಂದೇ ಸಲಕ್ಕೆ ತೊಳೆಯುವುದು ನನಗೆ ಇಷ್ಟವಿಲ್ಲ. ಎದ್ದ ಕೆಸರು ಹೋಗಿ ಸಂಪಿನ, ಅಂದರೆ ತಳದ ಆಯಿಲ್ ತೊಟ್ಟಿಯ, ಜಾಲರಿಗೆ ಕಟ್ಟಿದರೆ ಇದ್ದ ಪ್ರೆಶರೂ ಹೋಯಿತು. ಹೊಸ ಆಯಿಲ್, ಹೊಸ ಫಿಲ್ಟರ್ ಹಾಕಿ, ಸಾವಿರ ಕಿಲೋಮೀಟರ್ ಓಡಿಸಿ, ಎರಡನ್ನೂ ಮತ್ತೆ ಬದಲಿಸಿ. ನಿಧಾನ, ಆದರೆ ಅಪಾಯ ಕಮ್ಮಿ.

ಫಿಲ್ಟರಿನ ಬಗ್ಗೆ ಒಂದು ಮಾತು. ಒಳ್ಳೆಯ ಫಿಲ್ಟರ್ ಒಳಗೆ ಒಂದು ರಬ್ಬರ್ ವಾಲ್ವ್ ಇರುತ್ತದೆ. ಎಂಜಿನ್ ನಿಂತ ಮೇಲೆ ಆಯಿಲ್ ವಾಪಸ್ ಹರಿದುಹೋಗದಂತೆ ಅದು ತಡೆಯುತ್ತದೆ. ಡ್ಯೂಪ್ಲಿಕೇಟ್ ಫಿಲ್ಟರಿನಲ್ಲಿ ಅದು ಗಟ್ಟಿ ಕೂರುವುದಿಲ್ಲ. ರಾತ್ರಿಯಿಡೀ ಆಯಿಲ್ ಇಳಿದು, ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಮೇಲಿನ ಭಾಗಕ್ಕೆ ಏನೂ ಸಿಗುವುದಿಲ್ಲ. ನೂರಿನ್ನೂರು ರೂಪಾಯಿ ಉಳಿಸಲು ಹೋಗಿ ಬೆಳಗಿನ ಕಟ ಕಟ ಕೊಂಡ ಹಾಗೆ.

ಇನ್ನು ದಪ್ಪ ಆಯಿಲ್. ಡಬ್ಬಿಯ ಮೇಲಿನ ನಂಬರ್ ದೊಡ್ಡದಾದಷ್ಟೂ ಆಯಿಲ್ ದಪ್ಪ. "20ಡಬ್ಲ್ಯು-50 ಹಾಕಿ, ಸೌಂಡ್ ಹೋಗ್ತದೆ" ಎನ್ನುವ ಸಲಹೆ ಎಲ್ಲ ಕಡೆ ಸಿಗುತ್ತದೆ. ಹಳೇ ಜೀಪಿಗೆ ನಡೆದೀತು. 0ಡಬ್ಲ್ಯು-20 ಅಥವಾ 5ಡಬ್ಲ್ಯು-30 ಎಂದು ಗಾಡಿಯ ಪುಸ್ತಕದಲ್ಲಿ ಬರೆದ ಎಂಜಿನ್‌ಗೆ ಅದು ಬೇಡ. ಸಣ್ಣ ತೂತುಗಳಲ್ಲಿ ದಪ್ಪ ಆಯಿಲ್ ತಡವಾಗಿ ಹರಿಯುತ್ತದೆ, ತಣ್ಣಗಿದ್ದಾಗ ಸದ್ದು ಇನ್ನೂ ಹೆಚ್ಚಾಗುತ್ತದೆ.

3. ಇದಾದರೆ ಅಲ್ಲೇ ಬಂದ್ ಮಾಡಿ

ಆಯಿಲ್‌ನ ಕೆಂಪು ದೀಪ ಹತ್ತಿ, ಸದ್ದೂ ಬರುತ್ತಿದ್ದರೆ ಮುಂದಿನ ಹಂತ ಇಲ್ಲ. ಎಂಜಿನ್ ಬಂದ್. "ಮನೆ ಮುಟ್ಟುವ, ಆಮೇಲೆ ನೋಡುವ" ಎನ್ನಬೇಡಿ.

ಹಾಗೆಯೇ ಸದ್ದು ಟಿಕ್ ಅಲ್ಲದೆ ಕೆಳಗಿನಿಂದ ಡಕ್ ಡಕ್ ಎಂದು ಗಟ್ಟಿಯಾಗಿ ಬರುತ್ತಿದ್ದು, ಆಕ್ಸಿಲರೇಟರ್ ಒತ್ತಿದಾಗ, ಲೋಡ್ ಬಿದ್ದಾಗ ಜೋರಾಗುತ್ತಿದ್ದರೆ ಅದು ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡಿನ ಬೇರಿಂಗ್ ಇರಬಹುದು. ಟ್ಯಾಪೆಟ್ ಸದ್ದಿನಲ್ಲಿ ಗಾಡಿ ವಾರಗಟ್ಟಲೆ ಓಡುತ್ತದೆ. ರಾಡ್ ಸದ್ದಿನಲ್ಲಿ ಮುಂದಿನ ತಿರುವಿನವರೆಗೆ ಓಡುತ್ತದೋ ಇಲ್ಲವೋ ಹೇಳಲಾಗದು. ರಾಡ್ ಮುರಿದು ಬ್ಲಾಕ್ ಒಡೆದು ಹೊರಬಂದರೆ ರಿಪೇರಿ ಮಾಡಲು ಎಂಜಿನ್ನೇ ಇರುವುದಿಲ್ಲ. ಗಾಡಿ ಎಳೆಸಿಕೊಂಡು ಹೋಗಿ.

4. ಬೆಳಗಿನ ಮೊದಲ ಸ್ಟಾರ್ಟ್

ಗ್ಯಾರೇಜಿಗೆ ಹೋಗುವಷ್ಟರಲ್ಲಿ ಎಂಜಿನ್ ಬಿಸಿಯಾಗಿರುತ್ತದೆ, ಸದ್ದು ಮಾಯವಾಗಿರುತ್ತದೆ. "ಈಗ ಬರ್ತಾ ಇಲ್ವಲ್ಲಾ" ಎಂದು ಮೆಕ್ಯಾನಿಕ್ ನಿಮ್ಮ ಮುಖ ನೋಡುತ್ತಾನೆ. ಅದಕ್ಕೆ ಹಿಂದಿನ ರಾತ್ರಿಯೇ ಗಾಡಿ ನಿಲ್ಲಿಸಿಟ್ಟು, ಬೆಳಿಗ್ಗೆ ಬಾನೆಟ್ ತೆರೆದು, ಇನ್ನೊಬ್ಬರ ಕೈಯಲ್ಲಿ ಸ್ಟಾರ್ಟ್ ಮಾಡಿಸಿ ಮೊಬೈಲಿನಲ್ಲಿ ವಿಡಿಯೋ ಮಾಡಿ. ಸ್ಟಾರ್ಟ್ ಮಾಡುವ ಮೊದಲೇ ರೆಕಾರ್ಡಿಂಗ್ ಒತ್ತಿ. ಮೊದಲ ಎರಡು ಸೆಕೆಂಡೇ ಮುಖ್ಯ. ಮುಚ್ಚಿದ ಶೆಡ್ಡಿನಲ್ಲಿ ಮಾಡಬೇಡಿ, ಹೊಗೆ ಕಟ್ಟುತ್ತದೆ. ಹೆಗಲ ಮೇಲಿನ ಬೈರಾಸು ತೆಗೆದಿಡಿ. ರೇಡಿಯೇಟರ್ ಫ್ಯಾನ್ ಹೇಳಿ ಕೇಳಿ ತಿರುಗುವುದಿಲ್ಲ, ಬೆಲ್ಟಿಗೂ ಬಟ್ಟೆಯ ತುದಿ ಸಾಕು.

ಸದ್ದು ಯಾವಾಗ ಬಂತು, ಯಾವಾಗ ಹೋಯಿತು, ಅರ್ಧ ಉತ್ತರ ಅದರಲ್ಲೇ ಇದೆ. ಸ್ಟಾರ್ಟ್ ಆದ ಕೆಲವೇ ಸೆಕೆಂಡಿನಲ್ಲಿ ನಿಂತರೆ ಆಯಿಲ್ ಮೇಲೆ ಹತ್ತುವವರೆಗಿನ ಸದ್ದು. ಹೈಡ್ರಾಲಿಕ್ ಟ್ಯಾಪೆಟಿನಲ್ಲಿ ಅಷ್ಟು ಸಹಜ. ಅದೇ ಕೆಲವು ನಿಮಿಷ ಇದ್ದು ಎಂಜಿನ್ ಬಿಸಿಯಾದಂತೆ ಕರಗಿದರೆ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಲೀಕ್ ಇರಬಹುದು, ಮಂದ ಸದ್ದಾದರೆ ಪಿಸ್ಟನ್ ಸಿಲಿಂಡರಿಗೆ ಬಡಿಯುವುದಿರಬಹುದು. ಎರಡರಲ್ಲೂ ಲೋಹ ಹಿಗ್ಗಿ ಸಂದು ಮುಚ್ಚಿಕೊಳ್ಳುತ್ತದೆ. ಬೆಳಿಗ್ಗೆ ಸುಮ್ಮನಿದ್ದು, ಮಂಗಳೂರಿಗೆ ಹೋಗಿ ಬಂದ ಮೇಲೆ ಆಕ್ಸಿಲರೇಟರ್ ಒತ್ತದೆ ಐಡಲ್‌ನಲ್ಲಿ ಟಿಕ್ ಎಂದರೆ ಬಿಸಿಗೆ ಆಯಿಲ್ ತೆಳುವಾಗಿ ಪ್ರೆಶರ್ ಬೀಳುತ್ತಿದೆ. ಆಗ ಪ್ರೆಶರ್ ಗೇಜ್ ಕಟ್ಟಿ ಅಳೆಯಲು ಹೇಳಿ. ದೀಪ ಹತ್ತಲಿಲ್ಲ ಎಂದರೆ ಪ್ರೆಶರ್ ಸರಿ ಇದೆ ಎಂದರ್ಥವಲ್ಲ. ತೀರಾ ಕೆಳಗಿಳಿದಾಗ ಮಾತ್ರ ದೀಪ ಹತ್ತುತ್ತದೆ. ಬೆಳಿಗ್ಗೆಯೂ ಸಂಜೆಯೂ ಒಂದೇ ಸಮ ಟಿಕ್ ಟಿಕ್ ಎನ್ನುತ್ತಿದ್ದರೆ ವಾಲ್ವ್ ಗ್ಯಾಪ್ ಅಥವಾ ಇಂಜೆಕ್ಟರ್.

5. ಕಿವಿ ಹಚ್ಚುವುದು

ಮೆಕ್ಯಾನಿಕ್‌ಗಳು ಉದ್ದದ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್‌ಗಿಟ್ಟು ಹಿಡಿಯನ್ನು ಕಿವಿಗೆ ಒತ್ತುವುದು ನೋಡಿರುತ್ತೀರಿ. ಲೋಹದೊಳಗಿನ ಸದ್ದು ಅದರಲ್ಲಿ ಚೆನ್ನಾಗಿ ಕೇಳುತ್ತದೆ. ಆದರೆ ಗಾಳಿಯಲ್ಲಿ ಬರುವ ಸದ್ದಿಗೆ, ಅಂದರೆ ಲೀಕಿಗೆ, ಪೈಪು ಬೇಕು. ತೋಟಕ್ಕೆ ಮದ್ದು ಬಿಡುವ ಪೈಪಿನ ಒಂದು ಮೀಟರ್ ತುಂಡು ನಮ್ಮಲ್ಲಿ ಯಾರ ಮನೆಯಲ್ಲೂ ಸಿಗುತ್ತದೆ. ಮೈಲುತುತ್ತು ಹೋಗುವ ಹಾಗೆ ಚೆನ್ನಾಗಿ ತೊಳೆದು ಒಣಗಿಸಿ. ಒಂದು ತುದಿ ಕಿವಿಯ ಹತ್ತಿರ ಹಿಡಿಯಿರಿ, ಒಳಗೆ ತುರುಕಬೇಡಿ. ಇನ್ನೊಂದು ತುದಿಯನ್ನು ಎಂಜಿನ್ ಸುತ್ತ ನಿಧಾನಕ್ಕೆ ಆಡಿಸಿ. ಸದ್ದಿನ ಜಾಗಕ್ಕೆ ಬಂದಾಗ ಯಾರೋ ಕಿವಿಯಲ್ಲೇ ಚಿಟಿಕೆ ಹೊಡೆದ ಹಾಗೆ ಕೇಳುತ್ತದೆ. ಒಂದೆರಡು ಇಂಚು ಆಚೆ ಸರಿಸಿದರೆ ಮಂಕಾಗುತ್ತದೆ.

ಇಂಜೆಕ್ಟರಿನಿಂದ ಶುರು ಮಾಡಿ. ಪೆಟ್ರೋಲ್ ಗಾಡಿಯಲ್ಲಿ ಪ್ರತಿ ಇಂಜೆಕ್ಟರೂ ಟಿಕ್ ಎನ್ನುತ್ತದೆ, ಎನ್ನಲೇಬೇಕು. ಎಲ್ಲವೂ ಒಂದೇ ಥರ ಕೇಳಿದರೆ ಬಿಟ್ಟುಬಿಡಿ. ಒಂದು ಮಾತ್ರ ಬೇರೆಯಾಗಿ ಕೇಳಿದರೆ ಅದು ಗಮನಿಸಬೇಕಾದ್ದು. ಆಮೇಲೆ ಪರ್ಜ್ ವಾಲ್ವ್. ಪೆಟ್ರೋಲ್ ಟ್ಯಾಂಕಿನ ಆವಿಯನ್ನು ಎಂಜಿನ್‌ಗೆ ಬಿಡುವ ಸಣ್ಣ ಪ್ಲಾಸ್ಟಿಕ್ ಡಬ್ಬಿ ಅದು. ಬೆರಳಿಟ್ಟರೆ ಮಿಡಿತ ಗೊತ್ತಾಗುತ್ತದೆ. ಅದು ತನಗೆ ಬೇಕಾದಾಗ ಟಿಕ್ ಎಂದು ತಾನೇ ನಿಲ್ಲುತ್ತದೆ. ಎಷ್ಟೋ ಮಂದಿಯ ನಿದ್ದೆ ಕೆಡಿಸಿದ ಆಸಾಮಿ.

ಮಳೆಗಾಲದ ಟಿಕ್ ಬೇರೆಯೇ. ಹಳೇ ಗಾಡಿಯ ಪ್ಲಗ್ ವಯರಿನ ರಬ್ಬರ್ ಬಿರಿದಿದ್ದರೆ ಕರೆಂಟ್ ಹೊರಗೆ ಹಾರಿ ಚಟ್ ಚಟ್ ಎನ್ನುತ್ತದೆ, ಎಂಜಿನ್ ಮಿಸ್ಸೂ ಹೊಡೆಯುತ್ತದೆ. ರಾತ್ರಿ ದೀಪ ಆರಿಸಿ ಬಾನೆಟ್ ಎತ್ತಿ ನೋಡಿದರೆ ನೀಲಿ ಕಿಡಿ ಕಾಣುತ್ತದೆ. ಕೈ ಹಾಕಬೇಡಿ.

ಎಕ್ಸಾಸ್ಟ್ ಲೀಕ್ ಟ್ಯಾಪೆಟಿನ ಅವಳಿ ಇದ್ದ ಹಾಗೆ. ಬದಿಯಡ್ಕದಲ್ಲಿ ಒಬ್ಬರು ರಿಟೈರ್ಡ್ ಮಾಷ್ಟ್ರ ಗಾಡಿ. ಎರಡು ಕಡೆ ಟ್ಯಾಪೆಟ್ ಸೆಟ್ಟಿಂಗ್ ಆಗಿ ಬಂದಿತ್ತು, ಸದ್ದು ಹಾಗೆಯೇ ಇತ್ತು. ಮೆಕ್ಯಾನಿಕ್ ಮ್ಯಾನಿಫೋಲ್ಡಿನ ಮೇಲಿನ ತಗಡಿನ ಶೀಲ್ಡ್ ಬಿಚ್ಚಿ ಟಾರ್ಚ್ ಹಾಕಿದ. ಎರಡನೇ ಸಿಲಿಂಡರಿನ ಪ್ಯಾಕಿಂಗ್ ಅಂಚಿನಿಂದ ಕಾಡಿಗೆ ಗೀಟಿದ ಹಾಗೆ ಒಂದು ಕಪ್ಪು ಗೆರೆ, ಅದರ ಪಕ್ಕದ ಸ್ಟಡ್ಡಿನಲ್ಲಿ ನಟ್ಟೇ ಇಲ್ಲ.

"ಮಾಷ್ಟ್ರೇ, ಇದು ಟ್ಯಾಪೆಟ್ ಅಲ್ಲ. ಇಲ್ಲಿ ನೋಡಿ, ಹೊಗೆ ಹೋಗ್ತಾ ಉಂಟು."

"ಹಾಗಾದ್ರೆ ಅವರು ಎರಡು ಸಲ ಬಿಗಿದದ್ದು ಏನು ಮಾರಾಯಾ?"

ಹೊಸ ಪ್ಯಾಕಿಂಗ್, ಒಂದು ನಟ್. ಎರಡು ಸಲ ಬಿಗಿದ ವಾಲ್ವುಗಳನ್ನು ಮತ್ತೆ ಸಡಿಲಿಸಿ ಸರಿ ಗ್ಯಾಪಿಗೆ ತರುವುದೇ ದೊಡ್ಡ ಕೆಲಸ ಆಯಿತು.

ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಎಂಜಿನ್ ತಣ್ಣಗಿರುವಾಗ ಸ್ಟಾರ್ಟ್ ಮಾಡಿ, ದಪ್ಪ ಬಟ್ಟೆಯಿಂದ ಸೈಲೆನ್ಸರಿನ ಬಾಯಿಯನ್ನು ಎರಡು ಸೆಕೆಂಡ್ ಅರೆಮುಚ್ಚಲು ಯಾರಿಗಾದರೂ ಹೇಳಿ. ಟಿಕ್ ಜೋರಾದರೆ ಲೀಕ್. ವಾಲ್ವ್ ಸದ್ದಾದರೆ ಅದರಿಂದ ಹೆಚ್ಚು ವ್ಯತ್ಯಾಸವಾಗುವುದಿಲ್ಲ. ಪೆಟ್ರೋಲ್ ಗಾಡಿಯಲ್ಲಿ ಇನ್ನೊಂದು ದಾರಿ ಇದೆ. ಎಂಜಿನ್ ಬಂದ್ ಮಾಡಿ ಒಂದು ಇಂಜೆಕ್ಟರಿನ ಕನೆಕ್ಟರ್ ತೆಗೆಯಿರಿ, ಸ್ಟಾರ್ಟ್ ಮಾಡಿ ಕೇಳಿ. ಆ ಸಿಲಿಂಡರಿನಲ್ಲಿ ಉರಿಯುವುದು ನಿಂತಾಗ ಸದ್ದು ಕಮ್ಮಿಯಾದರೆ ಅದು ಎಕ್ಸಾಸ್ಟ್ ಲೀಕ್ ಅಥವಾ ರಾಡ್. ಕಮ್ಮಿಯಾಗದಿದ್ದರೆ ವಾಲ್ವ್ ಕಡೆ ಹೋಗಬಹುದು. ಚೆಕ್ ಎಂಜಿನ್ ದೀಪ ಹತ್ತುತ್ತದೆ, ಆಮೇಲೆ ಸ್ಕ್ಯಾನರಿನಲ್ಲಿ ಅಳಿಸಬೇಕು. ಓಡುವ ಎಂಜಿನ್‌ನಿಂದ ಪ್ಲಗ್ ವಯರ್ ಎಳೆಯುವ ಹಳೇ ಅಭ್ಯಾಸ ಬೇಡ. ಶಾಕ್ ಹೊಡೆಯುವುದು ಒಂದು, ಉರಿಯದ ಪೆಟ್ರೋಲ್ ಸೈಲೆನ್ಸರಿನಲ್ಲಿ ಹೊಗೆ ಶುದ್ಧ ಮಾಡುವ ಕನ್ವರ್ಟರಿಗೆ ಹೋಗಿ ಅದನ್ನು ಸುಡುವುದು ಇನ್ನೊಂದು.

ಡೀಸೆಲ್ ಗಾಡಿಯಲ್ಲಿ ಇಂಜೆಕ್ಟರ್ ಬುಡದ ತಾಮ್ರದ ವಾಷರ್ ನೋಡಿ. ಅದು ಲೀಕಾದರೆ ಚಫ್ ಚಫ್ ಎನ್ನುವ ಸದ್ದು, ಇಂಜೆಕ್ಟರ್ ಸುತ್ತ ಡಾಂಬರಿನಂಥ ಕಪ್ಪು ಗಟ್ಟಿ. ಬೇಗ ಮಾಡಿಸಿ. ತಡವಾದಷ್ಟೂ ಇಂಜೆಕ್ಟರ್ ಕಚ್ಚಿಕೊಂಡು ತೆಗೆಯುವುದೇ ಕಷ್ಟವಾಗುತ್ತದೆ. ಬೆಲ್ಟಿನ ಕಡೆಯಿಂದ ಕರ ಕರ ಬಂದರೆ ಟೈಮಿಂಗ್ ಚೈನ್ ಅಥವಾ ಅದನ್ನು ಬಿಗಿಯಾಗಿಡುವ ಟೆನ್ಷನರ್. ಸ್ಟಾರ್ಟಿನಲ್ಲಿ ಒಂದು ಕ್ಷಣ ಬಂದುಹೋದರೆ ಬೇರೆ, ನಿಲ್ಲದೆ ಬಂದರೆ ಮುಂದೂಡಬೇಡಿ. ಚೈನ್ ಹಾರಿದರೆ ವಾಲ್ವ್ ಪಿಸ್ಟನ್ನಿಗೆ ಹೊಡೆಯಬಹುದು.

ತಾಳದ ಲೆಕ್ಕವೂ ಒಂದಿದೆ. ಕ್ರ್ಯಾಂಕ್ ಎರಡು ಸುತ್ತು ಬಂದಾಗ ವಾಲ್ವುಗಳನ್ನು ಒತ್ತುವ ಉಬ್ಬುಗಳಿರುವ ದಂಡ, ಅಂದರೆ ಕ್ಯಾಮ್, ಒಂದು ಸುತ್ತು. ಐಡಲ್‌ನಲ್ಲಿ ಎಂಜಿನ್ ನಿಮಿಷಕ್ಕೆ 800 ಸುತ್ತು ತಿರುಗುತ್ತಿದ್ದರೆ ಒಂದು ಸಡಿಲ ವಾಲ್ವ್ 400 ಸಲ, ಸೆಕೆಂಡಿಗೆ ಆರೇಳು ಸಲ, ಟಿಕ್ ಎನ್ನುತ್ತದೆ. ಅದರ ಎರಡರಷ್ಟು ವೇಗದಲ್ಲಿ ಬಂದರೆ ಕ್ರ್ಯಾಂಕಿನ ಕಡೆ ಅನುಮಾನ ಪಡಿ. ಆದರೆ ಒಂದೇ ಸಿಲಿಂಡರಿನ ಎಕ್ಸಾಸ್ಟ್ ಲೀಕೂ ಇದೇ ತಾಳದಲ್ಲಿ ಬರುತ್ತದೆ. ತಾಳವೊಂದನ್ನೇ ನಂಬಿ ಕವರ್ ಬಿಚ್ಚಬೇಡಿ.

6. ಈಗ ಕವರ್ ಬಿಚ್ಚಬಹುದು

ಬಿಚ್ಚುವ ಮೊದಲು ನಿಮ್ಮ ಎಂಜಿನ್ ಯಾವ ಜಾತಿ ಎಂದು ತಿಳಿದುಕೊಳ್ಳಿ. ಮಾರುತಿ 800, ಓಮ್ನಿಯಂಥವುಗಳಲ್ಲಿ ರಾಕರ್ (ಕ್ಯಾಮಿನ ಒತ್ತನ್ನು ವಾಲ್ವಿಗೆ ದಾಟಿಸುವ ತೋಳು) ತುದಿಗೆ ಸ್ಕ್ರೂ, ಲಾಕ್‌ನಟ್ ಇದೆ. 800ರ ತಯಾರಿ 2014ರಲ್ಲಿ ನಿಂತರೂ ನಮ್ಮ ಗುಡ್ಡದ ರಸ್ತೆಗಳಲ್ಲಿ ಅದಿನ್ನೂ ಓಡುತ್ತಿದೆ. ಈಚಿನ ಎಷ್ಟೋ ಪೆಟ್ರೋಲ್ ಎಂಜಿನ್‌ಗಳಲ್ಲಿ ಸ್ಕ್ರೂ ಇಲ್ಲ. ಕ್ಯಾಮ್ ನೇರ ಬಕೆಟ್ ಮೇಲೆ (ವಾಲ್ವಿನ ತುದಿಗೆ ಕೂತ ಲೋಹದ ಟೊಪ್ಪಿ) ಒತ್ತುತ್ತದೆ, ಗ್ಯಾಪ್ ತಪ್ಪಿದ್ದರೆ ಬಕೆಟ್ಟನ್ನೋ ಶಿಮ್ಮೆಂಬ ತೆಳು ಬಿಲ್ಲೆಯನ್ನೋ ಬದಲಿಸಬೇಕು. ಸ್ವಿಫ್ಟ್ ಡೀಸೆಲ್‌ನಲ್ಲಿ ಬಂದ 1.3 ಲೀಟರ್ ಎಂಜಿನ್‌ನಂಥವುಗಳಲ್ಲಿ ಹೈಡ್ರಾಲಿಕ್. ಅಲ್ಲಿ ಬಿಗಿಯಲು ಏನೂ ಇಲ್ಲ. ಅಂಥ ಗಾಡಿಗೆ "ಟ್ಯಾಪೆಟ್ ಸೆಟ್ಟಿಂಗ್ ಮಾಡಿದೆ" ಎಂದು ಬಿಲ್ ಬಂದರೆ ಏನು ಮಾಡಿದಿರಿ ಎಂದು ಕೇಳಿ.

ಸ್ಕ್ರೂ ಇರುವ ಎಂಜಿನ್ ಎಂದಿಟ್ಟುಕೊಳ್ಳುವ. ಎಂಜಿನ್ ರಾತ್ರಿಯಿಡೀ ತಣಿದಿರಬೇಕು. ಪುಸ್ತಕದಲ್ಲಿ ತಣ್ಣಗಿನ ಅಳತೆ, ಬಿಸಿಯ ಅಳತೆ ಎರಡೂ ಇದ್ದರೆ ತಣ್ಣಗಿನದ್ದನ್ನೇ ಹಿಡಿಯಿರಿ. ಇನ್‌ಟೇಕ್‌ಗಿಂತ ಎಕ್ಸಾಸ್ಟ್ ವಾಲ್ವಿನ ಗ್ಯಾಪ್ ಸಾಮಾನ್ಯವಾಗಿ ಜಾಸ್ತಿ ಇರುತ್ತದೆ. ಅದು ಹೆಚ್ಚು ಬಿಸಿಯಾಗಿ ಹೆಚ್ಚು ಉದ್ದವಾಗುತ್ತದೆ. ಅಳತೆ ಮಿಲಿಮೀಟರಿನ ನೂರನೇ ಭಾಗದ್ದು, ಅಂದಾಜಿಗೆ ಜಾಗ ಇಲ್ಲ.

ಪ್ಲಗ್‌ಗಳನ್ನು ತೆಗೆದರೆ ಎಂಜಿನ್ ಕೈಯಲ್ಲಿ ಹಗುರವಾಗಿ ತಿರುಗುತ್ತದೆ. ಅದು ಓಡುವ ದಿಕ್ಕಿಗೇ ತಿರುಗಿಸಿ. ಒಂದನೇ ಸಿಲಿಂಡರ್ ಕಂಪ್ರೆಶನ್‌ನಲ್ಲಿ ಮೇಲಕ್ಕೆ ಬಂದಾಗ ಅದರ ವಾಲ್ವುಗಳ ರಾಕರ್‌ಗಳು ಸಡಿಲವಾಗಿ ಅಲುಗುತ್ತವೆ. ಅಲ್ಲಿ ಗ್ಯಾಪ್ ಅಳೆಯುವ ಫೀಲರ್ ಗೇಜಿನ ತೆಳು ತಗಡಿನ ಎಲೆ ತೂರಿಸಿ. ಎಲೆ ಸ್ವಲ್ಪ ಹಿಡಿತದಿಂದ ಜಾರಬೇಕು. ಸುಲಭವಾಗಿ ಹೋದರೆ ಸಡಿಲ, ಮಡಚಿಕೊಂಡರೆ ಬಿಗಿ. ಲಾಕ್‌ನಟ್ ಸಡಿಲಿಸಿ ಸ್ಕ್ರೂ ತಿರುಗಿಸಿ. ನಟ್ ಬಿಗಿಯುವಾಗ ಸ್ಕ್ರೂ ಅದರ ಜೊತೆ ತಿರುಗಲು ನೋಡುತ್ತದೆ, ಆದ್ದರಿಂದ ಬಿಗಿದ ಮೇಲೆ ಮತ್ತೊಮ್ಮೆ ಅಳೆಯಲೇಬೇಕು. 800ರ ಫೈರಿಂಗ್ ಆರ್ಡರ್ 1-3-2. ಕ್ರ್ಯಾಂಕನ್ನು 240 ಡಿಗ್ರಿ ತಿರುಗಿಸಿದರೆ ಮೂರನೆಯದು, ಇನ್ನೊಂದು 240ಕ್ಕೆ ಎರಡನೆಯದು. ನಾಲ್ಕು ಸಿಲಿಂಡರಿನ ಗಾಡಿಯಲ್ಲಿ 180 ಡಿಗ್ರಿಗೊಂದು.

ಗೇಜ್ ಸರಿ ತೋರಿಸಿಯೂ ಸದ್ದು ಹೋಗದಿದ್ದರೆ ರಾಕರಿನ ತುದಿಯನ್ನು ಉಗುರಿನಿಂದ ಸವರಿ ನೋಡಿ. ಸವೆದು ಕುಳಿ ಬಿದ್ದಿದ್ದರೆ ಗೇಜಿನ ಎಲೆ ಕುಳಿಯ ಮೇಲೆ ಸೇತುವೆಯಂತೆ ಕೂರುತ್ತದೆ, ಕೆಳಗಿನ ಗ್ಯಾಪ್ ಲೆಕ್ಕಕ್ಕೆ ಬರುವುದೇ ಇಲ್ಲ. ಕ್ಯಾಮಿನ ಉಬ್ಬುಗಳನ್ನೂ ನೋಡಿ. ಎಲ್ಲವೂ ನುಣುಪಾಗಿ ಹೊಳೆಯುತ್ತಿದ್ದು ಒಂದರಲ್ಲಿ ಮಾತ್ರ ಗೀರು, ಸಿಪ್ಪೆ ಎದ್ದಿದ್ದರೆ ಕ್ಯಾಮ್ ಮತ್ತು ಅದರ ರಾಕರ್ ಎರಡನ್ನೂ ಒಟ್ಟಿಗೆ ಬದಲಿಸಬೇಕು. ಹೈಡ್ರಾಲಿಕ್ ಆದರೆ ಬೆರಳಿನಿಂದ ಒಂದೊಂದನ್ನೇ ಒತ್ತಿ. ಬೇರೆಲ್ಲ ಗಟ್ಟಿಯಾಗಿ ನಿಂತು ಒಂದು ಸ್ಪಂಜಿನ ಹಾಗೆ ಕುಗ್ಗಿದರೆ ಸಿಕ್ಕಿತು.

ಬಿಗಿಯುವ ವಿಷಯಕ್ಕೆ ಬರುತ್ತೇನೆ. ಗ್ಯಾಪ್ ಜಾಸ್ತಿ ಇದ್ದರೆ ಸದ್ದು ಬರುತ್ತದೆ, ಗ್ಯಾಪ್ ಇಲ್ಲದಿದ್ದರೆ ಸದ್ದೇ ಬರುವುದಿಲ್ಲ. ಆದರೆ ಬಿಸಿಯಾಗಿ ಉದ್ದವಾದ ವಾಲ್ವ್ ಆಗ ಸೀಟಿನ ಮೇಲೆ ಪೂರ್ತಿ ಕೂರುವುದಿಲ್ಲ. ವಾಲ್ವಿನ ತಲೆ ತನ್ನ ಬಿಸಿಯ ಬಹುಪಾಲನ್ನು ಬಿಡುವುದು ಸೀಟಿನ ಮೂಲಕವೇ. ಕೂರದಿದ್ದರೆ ಅಂಚು ಸುಡುತ್ತದೆ, ಕಂಪ್ರೆಶನ್ ಹೋಗುತ್ತದೆ, ಹೆಡ್ ಇಳಿಸುವ ಕೆಲಸವಾಗುತ್ತದೆ. ಸಿಎನ್‌ಜಿ, ಎಲ್‌ಪಿಜಿಯಲ್ಲಿ ಓಡುವ ಗಾಡಿಗಳಲ್ಲಿ ಸೀಟು ಬೇಗ ಸವೆದು ಗ್ಯಾಪ್ ತಾನಾಗಿಯೇ ಕಮ್ಮಿಯಾಗುತ್ತಾ ಬರುತ್ತದೆ. ಅಂಥ ಗಾಡಿ ಮೊದಲಿಗಿಂತ ಸೈಲೆಂಟ್ ಆಯಿತೆಂದು ಖುಷಿಪಡಬೇಡಿ, ಗ್ಯಾಪ್ ಅಳೆಸಿ. ನನ್ನ ಲೆಕ್ಕದಲ್ಲಿ ಹಳೇ ರಾಕರ್ ಎಂಜಿನ್ ಸ್ವಲ್ಪ ಟಿಕ್ ಎನ್ನುತ್ತಲೇ ಇರಬೇಕು. ಪೂರ್ತಿ ಸುಮ್ಮನಾದರೆ ನನಗೆ ಅನುಮಾನ ಬರುತ್ತದೆ.

ಕವರ್ ವಾಪಸ್ ಕೂರಿಸುವಾಗ ಹಳೇ ಪ್ಯಾಕಿಂಗಿಗೆ ಗಮ್ ಬಳಿದು ಸುಧಾರಿಸಬೇಡಿ, ಹೊಸದೇ ಹಾಕಿ. ಬೋಲ್ಟುಗಳನ್ನು ನಡುವಿನಿಂದ ಹೊರಗೆ, ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಎರಡು ದಿನ ಓಡಿಸಿ, ಕವರಿನ ಅಂಚನ್ನು ಹಳೇ ಬಟ್ಟೆಯಿಂದ ಒರೆಸಿ ನೋಡಿ. ಬಟ್ಟೆಗೆ ಆಯಿಲ್ ಹತ್ತಿದರೆ, ಅಥವಾ ಗಾಡಿ ನಿಲ್ಲಿಸಿದಾಗ ಮ್ಯಾನಿಫೋಲ್ಡಿನ ಕಡೆಯಿಂದ ಸುಟ್ಟ ವಾಸನೆ ಬಂದರೆ ಪ್ಯಾಕಿಂಗ್ ಸರಿಯಾಗಿ ಕೂತಿಲ್ಲ. ಬೋಲ್ಟನ್ನು ಇನ್ನಷ್ಟು ಬಿಗಿದರೆ ಕವರ್ ಬಾಗುತ್ತದೆ. ಬಿಚ್ಚಿ ಇನ್ನೊಮ್ಮೆ ಕೂರಿಸಿ.